ಒಂದೇ ಊರಿನ ನೀರು, ಎರಡು ರಿಪೋರ್ಟು: ಗುಡಿಬಂಡೆ ಸೀಮೆಯಲ್ಲಿ ಮಾದರಿ ತೆಗೆದ ಅನುಭವ

ಗುಡಿಬಂಡೆ ತಾಲ್ಲೂಕಿನ ಒಂದು ಊರಿನಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರೊಬ್ಬರು ನಮ್ಮ ಮುಂದೆ ಎರಡು ರಿಪೋರ್ಟು ಬಿಡಿಸಿಟ್ಟರು. ಎರಡೂ ಅದೇ ಊರಿನ ಕುಡಿಯುವ ನೀರಿನವು. ಒಂದರಲ್ಲಿ ಫ್ಲೋರೈಡ್ ಮಿತಿಯೊಳಗಿದೆ, ಇನ್ನೊಂದರಲ್ಲಿ ಮಿತಿ ದಾಟಿದೆ. ಎರಡರ ನಡುವೆ ಕೆಲವೇ ತಿಂಗಳ ಅಂತರ. "ಯಾವುದನ್ನ ನಂಬಬೇಕು ನೀವೇ ಹೇಳಿ ಮೇಡಂ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. ಮೊದಲ ರಿಪೋರ್ಟು ಬಂದಾಗ ಊರು ನಿಟ್ಟುಸಿರು ಬಿಟ್ಟಿತ್ತು, ಎರಡನೆಯದು ಬಂದಾಗ ಹೆದರಿತ್ತು. ಈಗ ಯಾವ ರಿಪೋರ್ಟಿನ ಮೇಲೂ ಯಾರಿಗೂ ನಂಬಿಕೆ ಉಳಿದಿರಲಿಲ್ಲ.

ನಾನು ಎರಡೂ ಹಾಳೆಗಳಲ್ಲಿ ಮೊದಲು ಹುಡುಕಿದ್ದು ಫ್ಲೋರೈಡ್ ಅಂಕಿಯನ್ನಲ್ಲ, ಮಾದರಿಯನ್ನು ಎಲ್ಲಿಂದ ತೆಗೆದರು ಎಂಬ ಸಾಲನ್ನು. ಎರಡರಲ್ಲೂ ಬರೀ ಊರಿನ ಹೆಸರಿತ್ತು. ಬೋರ್‌ವೆಲ್‌ನಿಂದಲೋ, ಓವರ್‌ಹೆಡ್ ಟ್ಯಾಂಕಿನಿಂದಲೋ, ಬೀದಿಯ ಸಿಸ್ಟರ್ನ್‌ನಿಂದಲೋ, ಯಾರದಾದರೂ ಮನೆಯ ನಲ್ಲಿಯಿಂದಲೋ, ಒಂದೂ ಇಲ್ಲ. ಯಾರು ತೆಗೆದರು, ಎಷ್ಟು ಹೊತ್ತಿಗೆ ತೆಗೆದರು, ಯಾವ ಬಾಟಲಿಯಲ್ಲಿ ತುಂಬಿದರು ಎಂಬುದೂ ಇರಲಿಲ್ಲ. ಲ್ಯಾಬಿನ ಯಂತ್ರ ತನಗೆ ಕೊಟ್ಟ ನೀರನ್ನು ಸರಿಯಾಗಿಯೇ ಅಳೆದಿರಬಹುದು. ಆದರೆ ಕೊಟ್ಟದ್ದು ಯಾವ ನೀರು?

ನಾನು ರಸಾಯನಶಾಸ್ತ್ರ ಓದಿದವಳು, ಚಿಂತಾಮಣಿ ಕಡೆಯವಳು. ಕಾಲೇಜೊಂದರ ತಂಡದ ಜೊತೆ ಗುಡಿಬಂಡೆ ಮತ್ತು ಬಾಗೇಪಲ್ಲಿ ತಾಲ್ಲೂಕುಗಳ ಬೋರ್‌ವೆಲ್ ನೀರಿನ ಮಾದರಿ ಸಂಗ್ರಹಿಸಲು ಹೊರಟಿದ್ದೆ. ಲ್ಯಾಬಿನೊಳಗೆ ಕೂತು ಪರೀಕ್ಷೆ ಮಾಡಿ ಅಭ್ಯಾಸವಿತ್ತು. ಆದರೆ ಒಂದು ಬಾಟಲಿ ನೀರನ್ನು ಅದು ಇದ್ದ ಹಾಗೆಯೇ ನೆಲದಡಿಯಿಂದ ಲ್ಯಾಬಿನ ಮೇಜಿಗೆ ತಲುಪಿಸುವುದು ಎಷ್ಟು ದೊಡ್ಡ ಕೆಲಸ ಎಂಬುದು ತಿಳಿದದ್ದು ಈ ಓಡಾಟದಲ್ಲೇ. ಅದನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಗಳಲ್ಲಿ ಇವತ್ತು ಪ್ರತಿ ಪಂಚಾಯ್ತಿಯೂ ನೀರು ಪರೀಕ್ಷೆ ಮಾಡಿಸುತ್ತದೆ. ಮಾದರಿ ತೆಗೆಯುವ ಕೈಗಳು ಮಾತ್ರ ಹೆಚ್ಚಿನ ಕಡೆ ಅದಕ್ಕೆ ತರಬೇತಿ ಪಡೆದವಲ್ಲ.

ನಂದಿ ಬೆಟ್ಟದ ಸುತ್ತಮುತ್ತ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಇಷ್ಟು ನದಿಗಳ ತವರಾದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ತೆರೆದ ಬಾವಿಗಳು ಬತ್ತಿ ಎಷ್ಟೋ ಕಾಲವಾಯಿತು. ಈಗ ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೆಂಬ ಭರವಸೆಯಿಲ್ಲ. ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಕಲ್ಲು, ಅದರ ಬಿರುಕುಗಳಲ್ಲಿ ನಿಂತ ನೀರೇ ನಮ್ಮ ಪಾಲಿಗೆ ಗಂಗೆ. ಆ ನೀರು ಕಲ್ಲಿನ ಜೊತೆ ಬಹುಕಾಲ ಇದ್ದಷ್ಟೂ ಅದರೊಳಗಿನ ಫ್ಲೋರೈಡ್ ಕರಗಿ ಬರುತ್ತದೆ. ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಇನ್ನೂ ಸುಲಭವಾಗಿ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ ಒಪ್ಪಬಹುದು. ನೈಟ್ರೇಟ್‌ಗೆ 45, ಅದರಲ್ಲಿ ರಿಯಾಯಿತಿ ಇಲ್ಲ. ಯುರೇನಿಯಂಗೆ 0.03. ಬಾಗೇಪಲ್ಲಿ ಕಡೆಯ ಶಾಲೆಗಳಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅರ್ಧ ಮಿಲಿಗ್ರಾಂ ಅತ್ತಿತ್ತಲಾದರೆ ಒಂದು ಊರಿನ ಮಕ್ಕಳ ವಿಷಯದಲ್ಲಿ ತೆಗೆದುಕೊಳ್ಳುವ ತೀರ್ಮಾನವೇ ಬದಲಾಗುತ್ತದೆ. ಆದ್ದರಿಂದ ಬಾಟಲಿಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ಕೆಲಸ ಶುರುವಾಗುವುದು ಹಿಂದಿನ ದಿನ. ಫ್ಲೋರೈಡ್ ಗಾಜಿನ ಜೊತೆ ಪ್ರತಿಕ್ರಿಯಿಸುವ ಗುಣದ್ದು, ಹಾಗಾಗಿ ಅದಕ್ಕೆ ಪಾಲಿಎಥಿಲೀನ್ ಬಾಟಲಿ. ಯುರೇನಿಯಂ ಮತ್ತಿತರ ಲೋಹಗಳ ಬಾಟಲಿಗಳನ್ನು ಶೇಕಡ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಡಿಅಯಾನೈಸ್ಡ್ ನೀರಿನಲ್ಲಿ, ಅಂದರೆ ಲವಣಗಳನ್ನು ತೆಗೆದ ನೀರಿನಲ್ಲಿ, ಮತ್ತೆ ಮತ್ತೆ ತೊಳೆಯಬೇಕು. ಆದರೆ ನೈಟ್ರೇಟ್ ಅಳೆಯುವ ಬಾಟಲಿಗೆ ಅದೇ ಆಮ್ಲ ತಾಕಿಸಬಾರದು. ನೈಟ್ರಿಕ್ ಆಮ್ಲದ ಒಂದು ಹನಿ ಉಳಿದರೂ ಸಾಕು, ನೈಟ್ರೇಟ್ ಹೆಚ್ಚಾಗಿ ಕಂಡು, ಗೊಬ್ಬರದಿಂದ ಇಳಿದದ್ದೆಂದು ಊರಿನ ತಿಪ್ಪೆಗುಂಡಿಯ ಮೇಲೆ ಸುಳ್ಳು ಆರೋಪ ಬರುತ್ತದೆ. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಗಾಜಿನ ಬಾಟಲಿ, ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಹದಿನೈದು ನಿಮಿಷ ಬೇಯಿಸಿದ್ದು. ಅದರ ತಳದಲ್ಲಿ ಮೊದಲೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಉಳಿದಿದ್ದರೆ ಅದು ದಾರಿಯುದ್ದಕ್ಕೂ ಬಾಟಲಿಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಲೇ ಇರುತ್ತದೆ. ಲ್ಯಾಬ್ ತಲುಪುವ ಹೊತ್ತಿಗೆ ಕೊಳಕು ನೀರೂ ಶುದ್ಧವಾಗಿ ಕಂಡೀತು. ಥಯೋಸಲ್ಫೇಟ್ ಆ ಕ್ಲೋರಿನ್‌ನ್ನು ಅಲ್ಲೇ ನಿಲ್ಲಿಸುತ್ತದೆ. ಎಲ್ಲ ಬಾಟಲಿಗೂ ಹಿಂದಿನ ದಿನವೇ ಚೀಟಿ ಅಂಟಿಸುತ್ತಿದ್ದೆ, ಪೆನ್ಸಿಲ್‌ನಲ್ಲಿ ಬರೆದು. ಜೆಲ್ ಪೆನ್ನಿನ ಅಕ್ಷರ ಐಸ್ ಪೆಟ್ಟಿಗೆಯ ತೇವಕ್ಕೆ ಹರಡಿ ಹೋಗುತ್ತದೆ.

ಇನ್ನು ಬೋರ್‌ವೆಲ್ ಹತ್ತಿರದ ಮಾತು. ಈ ಇಡೀ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ.

ಮೋಟಾರ್ ನಿಂತಾಗ ಕೇಸಿಂಗ್ ಪೈಪಿನಲ್ಲಿ, ಕೊರೆದ ರಂಧ್ರದಲ್ಲಿ ನಿಂತ ನೀರು ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರಿನ ಹಾಗೆ, ಪಾತ್ರೆಯ ಗುಣವನ್ನು ತಾನೂ ಹೀರಿಕೊಂಡಿರುತ್ತದೆ. ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ (ಆಮ್ಲ ಕ್ಷಾರ ಗುಣದ ಅಳತೆ) ಏರಿರುತ್ತದೆ, ಕಬ್ಬಿಣದ ಪೈಪಿನ ತುಕ್ಕು ಸೇರಿರುತ್ತದೆ. ಅದು ಕಲ್ಲಿನೊಳಗಿನ ನೀರಲ್ಲ, ಪೈಪಿನ ನೀರು. ಆದ್ದರಿಂದ ಮಾದರಿ ತೆಗೆಯುವ ಮುನ್ನ ಅದನ್ನು ಹೊರಹಾಕಬೇಕು. ನಿಂತ ನೀರಿನ ಮೂರು ಪಟ್ಟು ಹೊರಹಾಕಿ ಎನ್ನುವುದು ಪುಸ್ತಕದ ಹಳೆಯ ನಿಯಮ. ಲೆಕ್ಕ ಹಾಕಿ ನೋಡಿ. ನಮ್ಮ ಕಡೆ ಕೊರೆಯುವುದು ಆರೂವರೆ ಇಂಚಿನ ಬೋರು. ಒಂದು ಅಡಿ ಆಳಕ್ಕೆ ಸುಮಾರು ಆರೂವರೆ ಲೀಟರ್ ನೀರು ಹಿಡಿಯುತ್ತದೆ. ಒಳಗೆ 400 ಅಡಿ ನೀರು ನಿಂತಿದ್ದರೆ 2,600 ಲೀಟರ್, ಅದರ ಮೂರು ಪಟ್ಟು 7,800 ಲೀಟರ್. ಸೆಕೆಂಡಿಗೆ ಒಂದು ಲೀಟರ್ ಬರುವ ಬೋರಾದರೆ ಎರಡು ಗಂಟೆಗೂ ಮೇಲೆ ಮೋಟಾರ್ ಓಡಿಸಬೇಕು.

ಇಷ್ಟು ನೀರನ್ನು ಚರಂಡಿಗೆ ಬಿಡುವುದೇ? ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ? ಮೊದಮೊದಲು ಒಂದು ಕಡೆ ಪೈಪು ಬಿಚ್ಚಿ ನೀರು ಹೊರಗೆ ಬಿಡಲು ಸಿದ್ಧರಾದಾಗ ಬಿಂದಿಗೆ ಹಿಡಿದು ಬಂದ ಹೆಂಗಸೊಬ್ಬರು ನೇರವಾಗಿ ಕೇಳಿದರು: "ನಮ್ ನೀರು ಚೆನ್ನಾಗೈತಾ ಇಲ್ವಾ ನೋಡಾಕೆ ನಮ್ ನೀರನ್ನೇ ಮಣ್ಣಿಗೆ ಸುರೀತೀರೇನಮ್ಮಾ?" ಆ ಪ್ರಶ್ನೆಗೆ ಪುಸ್ತಕದ ನಿಯಮ ಉತ್ತರವಾಗುವುದಿಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು. ವಿಜ್ಞಾನದ ಹೆಸರಲ್ಲಿ ಅದನ್ನು ಪಕ್ಕಕ್ಕೆ ಸರಿಸುವ ಹಕ್ಕು ನಮಗಿಲ್ಲ ಎಂದು ಈಗಲೂ ನಂಬಿದ್ದೇನೆ.

ದಾರಿ ತೋರಿಸಿದವರು ನೀರುಗಂಟಿ. ಕೆರೆ ತೂಬು ನೋಡಿಕೊಳ್ಳುತ್ತಿದ್ದ ಮನೆತನದವರು, ಈಗ ಪಂಚಾಯ್ತಿಯ ಮೋಟಾರ್ ನೋಡಿಕೊಳ್ಳುತ್ತಾರೆ. ಸರ್ಕಾರಿ ದಾಖಲೆಯಲ್ಲಿ ವಾಟರ್‌ಮ್ಯಾನ್, ಊರಿನ ಬಾಯಲ್ಲಿ ಇನ್ನೂ ನೀರುಗಂಟಿ. "ತ್ರೀಫೇಸ್ ಕರೆಂಟು ಬರೋದು ಬೆಳಗಿನ ಜಾವ. ನಾನು ಆನ್ ಮಾಡಿ ಟ್ಯಾಂಕ್ ತುಂಬುಸ್ತಾ ಇರ್ತೀನಿ. ನೀವು ಅರ್ಧ ಟ್ಯಾಂಕ್ ಆದ್ಮೇಲೆ ಬನ್ನಿ, ಬೋರ್ ಬಾಯಲ್ಲೇ ಹಿಡ್ಕೊಳಿ" ಎಂದರು. ಹೌದಲ್ಲ! ದಿನವೂ ತಾಸುಗಟ್ಟಲೆ ಓಡುವ ಬೋರಿನಲ್ಲಿ ಹಳೆಯ ನೀರು ತಾನಾಗಿಯೇ ಹೊರಟು ಹೋಗಿರುತ್ತದೆ, ಅದೂ ಟ್ಯಾಂಕಿಗೆ. ಒಂದು ಲೋಟವೂ ದಂಡವಾಗುವುದಿಲ್ಲ. ಅಲ್ಲಿಂದ ಮುಂದೆ ನಮ್ಮ ವೇಳಾಪಟ್ಟಿ ಕರೆಂಟಿನ ವೇಳಾಪಟ್ಟಿಯಾಯಿತು. ಬೆಳಗಿನ ಜಾವ ಬೈಕಿನಲ್ಲಿ ಹೊರಟು, ಗುಡಿಬಂಡೆ ಕೋಟೆ ಬೆಟ್ಟದ ನೆರಳು ಅಮಾನಿ ಬೈರಸಾಗರ ಕೆರೆಯ ಮೇಲೆ ಇನ್ನೂ ಇರುವಾಗಲೇ ಊರು ಸೇರುತ್ತಿದ್ದೆವು. ಟ್ಯಾಂಕಿಗೆ ಸಂಪರ್ಕವಿಲ್ಲದ ಬೋರುಗಳಲ್ಲಿ ಮೊದಲೇ ಊರಿಗೆ ಹೇಳಿಟ್ಟು, ಹೊರಬಿಡುವ ನೀರನ್ನು ಡ್ರಮ್ಮು, ಬಿಂದಿಗೆ, ದನದ ತೊಟ್ಟಿಗೆ ತುಂಬಿಸುತ್ತಿದ್ದೆವು. ಜನ ಸಾಲಾಗಿ ನಿಂತು ಹಿಡಿಯುವ ಹೊತ್ತಿಗೆ ಮೀಟರ್ ನೋಡುತ್ತಾ ನಿಲ್ಲುವುದು ನನ್ನ ಕೆಲಸ.

ಮೀಟರ್ ಅಂದರೆ ಪಿಎಚ್, ವಿದ್ಯುತ್ ವಾಹಕತೆ (ಕರಗಿದ ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಮತ್ತು ಉಷ್ಣಾಂಶ ತೋರಿಸುವ ಕೈಯಲ್ಲಿ ಹಿಡಿಯುವ ಉಪಕರಣ. ಬೆಳಿಗ್ಗೆ ಹೊರಡುವಾಗಲೇ ಪಿಎಚ್ 4, 7 ಮತ್ತು 10ರ ಬಫರ್ ದ್ರಾವಣದಲ್ಲಿ, 1,413 ಮೈಕ್ರೋಸೀಮೆನ್ಸ್‌ನ ಮಾನಕ ದ್ರಾವಣದಲ್ಲಿ ಅದನ್ನು ಸರಿಹೊಂದಿಸಿಕೊಂಡಿರುತ್ತೇವೆ. ಒಂದು ಬಕೆಟ್ಟಿನ ತಳಕ್ಕೆ ಪೈಪು ಇಳಿಬಿಟ್ಟು ನೀರು ತುಂಬಿ ಹೊರಸೂಸುವಂತೆ ಮಾಡಿ, ಅದರಲ್ಲಿ ಮೀಟರ್ ಅದ್ದಿ ಐದೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳಬೇಕು. ಮೊದಲಿಗೆ ಅಂಕಿಗಳು ಓಡಾಡುತ್ತವೆ. ನಿಧಾನಕ್ಕೆ ಒಂದೇ ಕಡೆ ನಿಲ್ಲತೊಡಗುತ್ತವೆ. ಸತತ ಮೂರು ಸಲ ಪಿಎಚ್ 0.1ರೊಳಗೆ, ವಾಹಕತೆ ಶೇಕಡ 3ರೊಳಗೆ ನಿಂತರೆ ಈಗ ಬರುತ್ತಿರುವುದು ಬಿರುಕಿನಿಂದ ಬರುವ ಹೊಸ ನೀರು ಎಂದು ಅರ್ಥ. ಮೂರು ಪಟ್ಟು ಲೆಕ್ಕಕ್ಕಿಂತ ನನಗೆ ಈ ವಿಧಾನದ ಮೇಲೆ ಹೆಚ್ಚು ನಂಬಿಕೆ, ನೀರೇ ತಾನು ಸಿದ್ಧ ಎಂದು ಹೇಳುವುದರಿಂದ. ಪಿಎಚ್‌ನ್ನು ಅಲ್ಲೇ ಅಳೆಯಲೇಬೇಕು. ಲ್ಯಾಬಿಗೆ ಹೋಗುವಷ್ಟರಲ್ಲಿ ಅನಿಲ ಹಾರಿ ಅದು ಬೇರೆಯೇ ಆಗಿರುತ್ತದೆ.

ನೀರು ಸಿದ್ಧವಾದ ಮೇಲೆ ಮೊದಲ ಸರದಿ ಬ್ಯಾಕ್ಟೀರಿಯಾ ಬಾಟಲಿಯದು. ಪುಸ್ತಕದಲ್ಲಿ ನಲ್ಲಿಯ ಬಾಯಿಗೆ ಸ್ಪಿರಿಟ್ ದೀಪದ ಉರಿ ಹಿಡಿಯಿರಿ ಎಂದಿರುತ್ತದೆ. ನಮ್ಮೂರುಗಳಲ್ಲಿ ಹಿತ್ತಾಳೆ ನಲ್ಲಿ ಎಲ್ಲಿದೆ? ಎಲ್ಲಾ ಪಿವಿಸಿ, ಉರಿ ಹಿಡಿದರೆ ಕರಗುತ್ತದೆ. ಹಾಗಾಗಿ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಳಹೊರಗೆ ಒರೆಸಿ, ಸ್ವಲ್ಪ ಬಿಟ್ಟು, ನೀರನ್ನು ಧಾರಾಳವಾಗಿ ಹರಿಸಿ ತೊಳೆಯುತ್ತಿದ್ದೆವು. ಅದಕ್ಕೂ ಮುಂಚೆ ನಲ್ಲಿಗೆ ಕಟ್ಟಿದ ಬಟ್ಟೆ ಬಿಚ್ಚಬೇಕು. ಹುಳ, ಮರಳು ಬರದಿರಲಿ ಎಂದು ಹಳೆ ಪಂಚೆಯ ತುಂಡು ಕಟ್ಟುವುದು ಎಲ್ಲಾ ಕಡೆ ರೂಢಿ. ಕಟ್ಟುವವರ ಉದ್ದೇಶ ಒಳ್ಳೆಯದೇ, ಆದರೆ ದಿನಗಟ್ಟಲೆ ಒದ್ದೆಯಾಗಿರುವ ಆ ಬಟ್ಟೆಯಲ್ಲೇ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಬೋರಿನ ಬಾಯಿಗೆ ಗಂಗೆ ಪೂಜೆಯ ಅರಿಶಿನ ಕುಂಕುಮ ಬಳಿದಿರುತ್ತದೆ, ತೆಂಗಿನಕಾಯಿ ನೀರು ಒಣಗಿ ಅಂಟಿರುತ್ತದೆ. ಅದನ್ನು ಕೆರೆದು ಹಾಕುವ ಮಾತು ಎತ್ತಲೇಬಾರದು. ಬದಲಿಗೆ ನಾವು ಪೂಜೆ ತಾಕದ ಜಾಗದಿಂದ, ಏರ್ ವಾಲ್ವ್ ಬಳಿ ನೀರುಗಂಟಿ ಜೋಡಿಸಿಕೊಟ್ಟ ಶುಭ್ರವಾದ ಪೈಪಿನಿಂದ ಹಿಡಿಯುತ್ತಿದ್ದೆವು.

ಹಿಡಿಯುವ ಕ್ರಮ ಚಿಕ್ಕದು, ಆದರೆ ಕೈ ಪಳಗಬೇಕು. ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕಿ, ಎಡಗೈಯಲ್ಲಿ ಬಾಟಲಿ ಹಿಡಿದು, ಬಲಗೈಯ ಕಿರುಬೆರಳು ಮತ್ತು ಅಂಗೈ ನಡುವೆ ಮುಚ್ಚಳ ತಿರುಗಿಸಿ ತೆಗೆಯಬೇಕು. ಮುಚ್ಚಳದ ಒಳಬದಿ ಕೆಳಮುಖವಾಗಿ ಕೈಯಲ್ಲೇ ಇರಬೇಕು. ಕಟ್ಟೆ ಮೇಲೆ, ನೆಲದ ಮೇಲೆ, ಜೇಬಿನಲ್ಲಿ ಇಡುವಂತಿಲ್ಲ. ಬಾಟಲಿಯ ಮೇಲೆ ಬಗ್ಗಿ ಮಾತಾಡುವಂತಿಲ್ಲ. ಗಾಳಿ ಬೀಸುವ ಕಡೆ ನಾವು ನಿಂತಿರಬಾರದು, ಬೈಕ್ ಎಂಜಿನ್ ಆರಿಸಿರಬೇಕು. ನೀರು ಬಾಟಲಿಯ ಅಂಚಿಗೆ ತಾಕದಂತೆ ನೇರ ಒಳಗೆ ಬೀಳಬೇಕು. ಲ್ಯಾಬಿನಲ್ಲಿ ಅಲ್ಲಾಡಿಸಲು ಮೇಲೆ ಒಂದಿಂಚು ಜಾಗ ಬಿಟ್ಟು ಮುಚ್ಚಬೇಕು. ಬೇರೆ ಬಾಟಲಿಗಳನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬುತ್ತೇವೆ. ಇದನ್ನು ತೊಳೆಯುವ ಹಾಗಿಲ್ಲ, ತೊಳೆದರೆ ಥಯೋಸಲ್ಫೇಟ್ ಹೋಗುತ್ತದೆ. ಒಬ್ಬ ಅಜ್ಜಿ ನಾನು ಬಾಟಲಿಯನ್ನು ತೊಳೆಯದೆ ನೀರು ಹಿಡಿಯುವುದನ್ನು ಕಂಡು, "ಕೊಡು ಮಗಾ, ಬೂದಿ ಹಾಕಿ ಫಳಫಳ ಅನ್ನೋ ಹಂಗೆ ತಿಕ್ಕಿ ಕೊಡ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಕೈಚಾಚಿದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ಕುದಿಯುವ ಹಬೆಯಲ್ಲಿಟ್ಟು ತಂದಿದ್ದೇವೆ, ನಮ್ಮ ಕೈಯ ಕಣ್ಣಿಗೆ ಕಾಣದ ಕೊಳೆಯೂ ಇದಕ್ಕೆ ತಾಕಬಾರದು ಎಂದು ಹೇಳಿದೆ. ಅಜ್ಜಿಗೆ ತಕ್ಷಣ ಅರ್ಥವಾಯಿತು. ಆಮೇಲೆ ಸುತ್ತ ನಿಂತ ಮಕ್ಕಳನ್ನು ಹತ್ತಿರ ಬರದಂತೆ ತಡೆದದ್ದು ಅವರೇ.

ಇಷ್ಟೆಲ್ಲಾ ಮಾಡುವ ಮುನ್ನ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಬ್ಲೀಚಿಂಗ್ ಪುಡಿ ಯಾವಾಗ ಹಾಕಿದಿರಿ? ಪರೀಕ್ಷೆಗೆ ಬರುತ್ತಾರೆಂದು ತಿಳಿದು ಹಿಂದಿನ ರಾತ್ರಿಯೇ ಧಾರಾಳವಾಗಿ ಸುರಿದಿರುವುದುಂಟು. ನಲ್ಲಿ ನೀರಿನಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಎನ್ನುವುದು ಮಾನಕವೇ, ಆದರೆ ಅದು ದಿನನಿತ್ಯದ ಮಾತು. ಬೋರಿನ ನಿಜವಾದ ಸ್ಥಿತಿ ತಿಳಿಯಬೇಕಿದ್ದರೆ ಆ ದಿನ ಬಿಟ್ಟು ಇನ್ನೊಂದು ದಿನ ಹೋಗಬೇಕು. ನಾವು ಹಾಗೆಯೇ ವಾಪಸ್ ಬಂದು ಮತ್ತೆ ಹೋಗಿದ್ದೇವೆ.

ಯುರೇನಿಯಂ ಮಾದರಿಯ ವಿಷಯ ಬೇರೆ. ಸಿರಿಂಜ್‌ಗೆ 0.45 ಮೈಕ್ರಾನ್ ಫಿಲ್ಟರ್ ಜೋಡಿಸಿ, ಮೊದಲು ಹೊರಬಂದ ನೀರನ್ನು ಚೆಲ್ಲಿ, ಉಳಿದದ್ದನ್ನು ಬಾಟಲಿಗೆ ಒತ್ತಿ, ಅತಿ ಶುದ್ಧ ನೈಟ್ರಿಕ್ ಆಮ್ಲದ ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಹಾಗೆ ಮಾಡದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ನೀರಿನಲ್ಲಿ ಇಲ್ಲವೆಂದು ಕಾಣುತ್ತದೆ. ಆಮ್ಲ ಹಾಕುವುದು ಯಾವಾಗಲೂ ಕೊನೆಗೆ, ಉಳಿದೆಲ್ಲಾ ಬಾಟಲಿ ಮುಚ್ಚಿ ದೂರ ಸರಿಸಿದ ಮೇಲೆ.

ಖಾಲಿ ಮಾದರಿ ಅಂತ ಒಂದಿದೆ. ಅದರ ಬೆಲೆ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಲ್ಯಾಬಿನಿಂದಲೇ ಡಿಅಯಾನೈಸ್ಡ್ ನೀರನ್ನು ಒಯ್ದು, ಅದೇ ಬೋರಿನ ಪಕ್ಕದಲ್ಲಿ, ಅದೇ ಗಾಳಿ ಧೂಳಿನಲ್ಲಿ, ಅದೇ ಸಿರಿಂಜು ಅದೇ ಆಮ್ಲ ಬಳಸಿ ಒಂದು ಬಾಟಲಿಗೆ ತುಂಬಿ ಉಳಿದವುಗಳ ಜೊತೆ ಕಳಿಸುವುದು. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ಅದು ನಮ್ಮ ಕೈಯಿಂದ, ನಮ್ಮ ಬಾಟಲಿಯಿಂದ, ನಮ್ಮ ರಾಸಾಯನಿಕದಿಂದ ಬಂದದ್ದು. ಹಾಗೆಯೇ ಕೆಲವು ಬೋರುಗಳಲ್ಲಿ ಜೋಡಿ ಮಾದರಿ ತೆಗೆದು, ಬೇರೆ ಬೇರೆ ಸಂಖ್ಯೆ ಕೊಟ್ಟು, ಲ್ಯಾಬಿಗೆ ಹೇಳದೆ ಕಳಿಸುತ್ತೇವೆ. ಎರಡರ ಅಂಕಿ ಹೊಂದಬೇಕು. ಹಣ ಉಳಿಸಲು ಮೊದಲು ಕೈಬಿಡುವುದು ಇವೆರಡನ್ನೇ. ನನ್ನ ಮಟ್ಟಿಗೆ ಇವೆರಡಿಲ್ಲದ ರಿಪೋರ್ಟನ್ನು ಊರಿನ ಮುಂದೆ ಓದಲು ಧೈರ್ಯ ಬರುವುದಿಲ್ಲ.

ನಡುವೆ ಒಂದು ದಿನ ಚಿಕ್ಕಬಳ್ಳಾಪುರದ ಪಕ್ಕದ ಕಂದವಾರ ಕೆರೆಯ ನೀರನ್ನೂ ತೆಗೆದೆವು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಹರಿಸುತ್ತಿದ್ದಾರೆ. ನಮ್ಮ ಜಿಲ್ಲೆಗೆ ಬರುವುದು ಹಾಗೆಯೇ ಸಂಸ್ಕರಿಸಿದ ಹೆಬ್ಬಾಳ ನಾಗವಾರ ಕಣಿವೆಯ ನೀರು. ಕೆರೆ ತುಂಬಿದ್ದು ಕಣ್ಣಿಗೆ ಹಬ್ಬ, ಸುತ್ತಲ ಬೋರುಗಳಿಗೂ ಜೀವ ಬಂದಿದೆ ಎಂದು ರೈತರು ಹೇಳುತ್ತಾರೆ. ಹಾಗೆಂದೇ ಆ ನೀರನ್ನು ಎಚ್ಚರದಿಂದ ಅಳೆಯುತ್ತಾ ಇರಬೇಕು. ಕೆರೆಯಲ್ಲಿ ದಡದ ನೀರು ತೆಗೆದರೆ ಕೆಸರು ಮತ್ತು ಪಾಚಿ ಬರುತ್ತದೆ. ತೆಪ್ಪದಲ್ಲಿ ಒಳಗೆ ಹೋಗಿ, ಗಾಳಿಗೆ ಎದುರಾಗಿ, ಬಾಟಲಿಯನ್ನು ಬೋರಲಾಗಿ ಮುಳುಗಿಸಿ ಒಂದಡಿ ಆಳದಲ್ಲಿ ಮೇಲ್ಮುಖ ಮಾಡಿ ತುಂಬಿಸಬೇಕು. ಮೇಲ್ಮೈಯ ಪದರ ಒಳಗೆ ಸೇರಬಾರದು. ಕರಗಿದ ಆಮ್ಲಜನಕ ಅಳೆಯುವ 300 ಮಿಲಿಲೀಟರಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಅಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಅಜೈಡ್ ಹಾಕಿ ಮುಚ್ಚಿ ತಿರುಗಿಸಿದರೆ ಕಂದು ಬಣ್ಣದ ಮೋಡ ಕಟ್ಟುತ್ತದೆ, ಆಮ್ಲಜನಕ ಅದರಲ್ಲಿ ಸೆರೆಯಾಗುತ್ತದೆ. ಪಾಚಿ ಹಸಿರಾಗಿರುವ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಸಮೃದ್ಧವಾಗಿ ಕಾಣುತ್ತದೆ, ಮುಂಜಾನೆ ಕುಸಿದಿರುತ್ತದೆ. ಮೀನು ಸಾಯುವುದು ಮುಂಜಾನೆ. ಹಾಗಾಗಿ ಗಂಟೆ ಬರೆಯದ ಕೆರೆ ಮಾದರಿಯನ್ನು ನಾನು ಒಪ್ಪುವುದಿಲ್ಲ.

ಆಮೇಲೆ ಸಾಗಾಟ. 4 ಡಿಗ್ರಿ ಆಸುಪಾಸಿನಲ್ಲಿ ಇಟ್ಟು, ಬ್ಯಾಕ್ಟೀರಿಯಾ ಮಾದರಿಯನ್ನು ಸಾಧ್ಯವಾದರೆ ಆರು ಗಂಟೆಯೊಳಗೆ, ಎಷ್ಟು ತಡವಾದರೂ 24 ಗಂಟೆಯೊಳಗೆ ಪರೀಕ್ಷೆಗೆ ಹಚ್ಚಬೇಕು. ಬಿಡಿ ಐಸ್ ತುಂಬಿದರೆ ಕರಗಿದ ನೀರು ಮುಚ್ಚಳದ ಸಂದಿಯಿಂದ ಒಳಹೋಗುತ್ತದೆ, ಆ ಐಸ್ ಯಾವ ನೀರಿನದೋ ಯಾರಿಗೆ ಗೊತ್ತು. ಲ್ಯಾಬಿನ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಜೆಲ್ ಪ್ಯಾಕ್ ಮಾತ್ರ ಬಳಸುತ್ತಿದ್ದೆವು. ಬಾಟಲಿಗಳು ನೆಟ್ಟಗೆ ನಿಂತಿರಬೇಕು. ಪೆಟ್ಟಿಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲಾ ಸಮಯ ಬರೆದು ಸಹಿ.

ಮತ್ತೆ ಆ ಎರಡು ರಿಪೋರ್ಟಿನ ಊರಿಗೆ ಬರುತ್ತೇನೆ. ಅಲ್ಲಿ ಓವರ್‌ಹೆಡ್ ಟ್ಯಾಂಕಿಗೆ ಎರಡು ಬೋರು ಸೇರುತ್ತಿದ್ದವು, ಕೆರೆ ಅಂಗಳದ ಹಳೆಯದು ಒಂದು, ಗುಡ್ಡದ ಕಡೆ ಆಳಕ್ಕೆ ಕೊರೆದ ಹೊಸದು ಒಂದು. ನಾವು ಎರಡನ್ನೂ ಬೇರೆ ಬೇರೆಯಾಗಿ, ಬೋರಿನ ಬಾಯಲ್ಲೇ ತೆಗೆದೆವು. ಜೊತೆಗೆ ಟ್ಯಾಂಕಿನದು, ಬೀದಿ ನಲ್ಲಿಯದು, ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕದ್ದು. ಹಳೇ ಬೋರಿನ ಫ್ಲೋರೈಡ್ ಮಿತಿಯೊಳಗೆ, ಹೊಸ ಬೋರಿನದು ಸ್ಪಷ್ಟವಾಗಿ ಮಿತಿಯ ಮೇಲೆ. ಟ್ಯಾಂಕಿನ ನೀರು ಆ ದಿನ ಯಾವ ಮೋಟಾರ್ ಎಷ್ಟು ಹೊತ್ತು ಓಡಿತು ಎನ್ನುವುದರ ಮೇಲೆ. ಹಳೇ ಬೋರು ಬೇಸಿಗೆಯಲ್ಲಿ ಸೋತಾಗ ಊರೆಲ್ಲಾ ಕುಡಿಯುವುದು ಹೊಸದರ ನೀರೇ. ಹಿಂದಿನ ಎರಡು ರಿಪೋರ್ಟೂ ಬಹುಶಃ ಸುಳ್ಳಲ್ಲ, ಬೇರೆ ಬೇರೆ ದಿನದ ಬೇರೆ ಬೇರೆ ನೀರು ಅಷ್ಟೆ. ಮೊದಲನೆಯದಕ್ಕೆ ನೀರು ಹಿಡಿದದ್ದು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಎಂದು ನಂತರ ತಿಳಿಯಿತು. ಫ್ಲೋರೈಡ್‌ಗೆ ಅದರಿಂದ ಅಷ್ಟೇನೂ ಬಾಧಕವಿಲ್ಲದಿರಬಹುದು. ಆದರೆ ಅದೇ ಬಾಟಲಿಯ ನೀರಿಗೆ ಕೋಲಿಫಾರಂ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಮಾಡಿ ಫಲಿತಾಂಶ ಬರೆದುಕೊಟ್ಟಿದ್ದರು. ಆ ಸಾಲನ್ನು ಹೊಡೆದುಹಾಕುವಂತೆ ಸದಸ್ಯರಿಗೆ ಹೇಳಿದೆ.

ಫಲಿತಾಂಶ ಓದಿದ್ದು ಶಾಲೆಯ ಅಂಗಳದಲ್ಲಿ. ನಾನು ಅರ್ಧ ಕನ್ನಡ, ನಮ್ಮ ತಂಡದ ಹುಡುಗ ಅರ್ಧ ತೆಲುಗು. "ನಾವು ಕಾಯಿಸಿ ಕುಡೀತೀವಲ್ಲಾ, ಆಮೇಲೇನು?" ಎಂದು ಹಲವರು ಕೇಳಿದರು. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುತ್ತದೆ ಎಂದು ಹೇಳುವಾಗ ಒಬ್ಬ ತಾಯಿ ಮಗನ ಬಾಯಿ ತೆರೆಸಿ ಹಲ್ಲು ನೋಡಿದರು. ಘಟಕದ ನೀರಿನಲ್ಲಿ ಫ್ಲೋರೈಡ್ ಕಡಿಮೆಯಿತ್ತು. ಆದರೆ ಘಟಕ ಹೊರಚೆಲ್ಲುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗಿ ಉಳಿಯುತ್ತದೆ, ಮತ್ತು ಆ ನೀರು ಹಳೇ ಬೋರಿನ ಕಡೆಯ ಕಾಲುವೆಗೆ ಹರಿಯುತ್ತಿತ್ತು. ಅದನ್ನು ಬೇರೆ ಕಡೆ ತಿರುಗಿಸಲು ಅಲ್ಲೇ ನಿರ್ಧಾರವಾಯಿತು. ಹಳೇ ಬೋರನ್ನು ಕುಡಿಯಲು ಅಡುಗೆಗೆ ಪ್ರತ್ಯೇಕ ಸಿಸ್ಟರ್ನ್‌ಗೆ ಜೋಡಿಸುವುದು, ಹೊಸದನ್ನು ದನಕರು, ಬಟ್ಟೆ, ಸ್ನಾನಕ್ಕೆ ಬಿಡುವುದು ಎಂದು ಪಂಚಾಯ್ತಿ ಬರೆದುಕೊಂಡಿತು.

ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಆ ಊರಿನ ಸಂಘದ ಹೆಂಗಸರ ಬಳಿ ಕಿಟ್ ಇತ್ತು. ಫ್ಲೋರೈಡ್ ಹನಿ ಹಾಕಿ ಕೆಂಪು ಬಣ್ಣ ಹಳದಿಗೆ ತಿರುಗುವುದನ್ನು ಚೀಟಿಯ ಜೊತೆ ಹೋಲಿಸುವುದು ಅವರಿಗೆ ಬರುತ್ತಿತ್ತು. ಬೋರಿನ ಬಾಯಲ್ಲಿ ಹಿಡಿಯಬೇಕು, ಮೋಟಾರ್ ಓಡಿ ಹೊತ್ತಾದ ಮೇಲೆ ಹಿಡಿಯಬೇಕು, ಯಾವ ಬೋರು ಎಂದು ಬರೆಯಬೇಕು ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಮುಂಜಾನೆ ಅವರನ್ನು ಎರಡೂ ಬೋರುಗಳ ಬಳಿ ಕರೆದೊಯ್ದು, ಬಾಟಲಿಗಳನ್ನು ಅವರ ಕೈಗೇ ಕೊಟ್ಟೆ. ನೀರುಗಂಟಿ ಈಗ ಒಂದು ನೋಟ್‌ಬುಕ್ಕಿನಲ್ಲಿ ಯಾವ ಮೋಟಾರ್ ಎಷ್ಟು ಹೊತ್ತಿಗೆ ಆನ್, ಎಷ್ಟು ಹೊತ್ತಿಗೆ ಆಫ್ ಎಂದು ಬರೆಯುತ್ತಾರೆ, ಹೆಂಗಸರು ಅದೇ ಪುಟದಲ್ಲಿ ಕಿಟ್‌ನ ಬಣ್ಣದ ಅಂಕಿ ಬರೆಯುತ್ತಾರೆ. ಮೇ ತಿಂಗಳ ಮಾದರಿ ನಮ್ಮ ಬಳಿ ಇದೆ. ನವೆಂಬರಿನಲ್ಲಿ ಹಿಂಗಾರು ಮುಗಿದ ಮೇಲೆ ಅದೇ ಎರಡು ಬೋರುಗಳಿಂದ, ಅದೇ ಹೊತ್ತಿಗೆ ಮತ್ತೆ ತೆಗೆಯುತ್ತೇವೆ. ಬಾಟಲಿ ತೊಳೆಯುವ ಕೆಲಸ ಶುರುವಾಗಿದೆ.